ಪೀಣ್ಯದಲ್ಲಿ ಕೆಲಸ ಹುಡುಕುವ ಐಟಿಐ ಅಭ್ಯರ್ಥಿಗಳಿಗೆ

ಐಟಿಐಯಲ್ಲಿ ಫಿಟ್ಟರ್ ಅಥವಾ ಟರ್ನರ್ ಕಲಿತು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಕೆಲಸ ಹುಡುಕಿಕೊಂಡು ಬರುವ ಅನೇಕ ಹುಡುಗರನ್ನು ಕಾರ್ಖಾನೆಯ ಟೂಲ್ ರೂಮಿನ (ಉಪಕರಣ ತಯಾರಿಸುವ ವಿಭಾಗದ) ಮೇಲ್ವಿಚಾರಕನಾಗಿ ನಾನು ಸಂದರ್ಶಿಸಿದ್ದೇನೆ. ಕೈಕೆಲಸ ಚೆನ್ನಾಗಿ ಬಲ್ಲವರೂ ಕಾಗದಪತ್ರಗಳ ಗೊಂದಲದಿಂದಲೋ, ತಾವು ಕಲಿತದ್ದನ್ನು ಹೇಳಿಕೊಳ್ಳಲು ಬಾರದೆಯೋ ಬರಿಗೈಯಲ್ಲಿ ಊರಿಗೆ ಮರಳುವುದನ್ನು ಕಂಡು ಸಂಕಟಪಟ್ಟು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಹೆಸರನ್ನು ಸರಿಪಡಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.’ ಎಂದೂ ಆಧಾರ್‌ನಲ್ಲಿ ‘ಮಂಜುನಾಥ್ ಹನುಮಂತಪ್ಪ’ ಎಂದೂ ಇದ್ದರೆ, ಪಿಎಫ್ (ಭವಿಷ್ಯ ನಿಧಿ) ಖಾತೆ ಆಧಾರ್‌ಗೆ ಜೋಡಣೆಯಾಗುವುದರಿಂದ, ಕೆಲಸ ಸಿಕ್ಕ ಮೇಲೂ ತೊಡಕು ತಪ್ಪದು. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಸಾಮಾನ್ಯವಾಗಿ ಎರಡೇ ಬಾರಿ ಅವಕಾಶವಿರುವುದರಿಂದ ಪ್ರತಿ ಅಕ್ಷರವನ್ನೂ ನೋಡಿಕೊಂಡೇ ಅರ್ಜಿ ಕೊಡಿ.

ಬಯೋಡೇಟಾ ಒಂದು ಪುಟ ಸಾಕು. ‘ಪ್ರಾಮಾಣಿಕ, ಕಷ್ಟಪಟ್ಟು ದುಡಿಯುವವನು’ ಎಂಬ ಮಾತು ಎಲ್ಲರ ಹಾಳೆಯಲ್ಲೂ ಇರುತ್ತದೆ. ಅದನ್ನು ಓದಿದವರಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ‘ಲೇತ್‌ನಲ್ಲಿ ಸ್ಟೆಪ್ ಟರ್ನಿಂಗ್, ಟೇಪರ್ ಟರ್ನಿಂಗ್, ಥ್ರೆಡ್ ಕಟಿಂಗ್ ಮಾಡಿದ್ದೇನೆ, ಮೈಕ್ರೋಮೀಟರ್‌ನಲ್ಲಿ 0.01 ಮಿ.ಮೀ.ವರೆಗೆ ಅಳೆಯಬಲ್ಲೆ’ ಎಂದು ಬರೆದರೆ ನಿಮ್ಮನ್ನು ಯಾವ ಯಂತ್ರದ ಮುಂದೆ ನಿಲ್ಲಿಸಬಹುದೆಂಬುದು ಕೂಡಲೇ ಹೊಳೆಯುತ್ತದೆ. ಮಾಡದ ಕೆಲಸವನ್ನು ಮಾತ್ರ ಬರೆಯಬೇಡಿ, ಏಕೆಂದರೆ ಅದನ್ನೇ ಮಾಡಿ ತೋರಿಸಲು ಹೇಳುತ್ತಾರೆ.

ಸಂದರ್ಶನಕ್ಕೆ ಫೋನ್ ಬಂದಾಗ ಕಾರ್ಖಾನೆಯ ಹೆಸರಿನೊಂದಿಗೆ ಅದು ಪೀಣ್ಯದ ಎಷ್ಟನೇ ಹಂತದಲ್ಲಿ, ಎಷ್ಟನೇ ಕ್ರಾಸಿನಲ್ಲಿದೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಪೀಣ್ಯಕ್ಕೆ ಹೊಸಬರಾದವರು ಇದೊಂದನ್ನು ಕೇಳದೆ ಮೆಟ್ರೋ ಇಳಿದು ಗಂಟೆಗಟ್ಟಲೆ ಅಲೆಯುತ್ತಾರೆ. ಬಟ್ಟೆ ಒಗೆದು ಇಸ್ತ್ರಿ ಮಾಡಿದ್ದರೆ ಸಾಕು, ಆದರೆ ಚಪ್ಪಲಿ ಬೇಡ. ನೆಲದ ಮೇಲೆ ಲೋಹದ ಚೂರು ಬಿದ್ದಿರುವ ಶಾಪ್ ಫ್ಲೋರಿಗೆ ಶೂ ಇಲ್ಲದೆ ಬಿಡುವುದಿಲ್ಲ.

ಒಮ್ಮೆ ಒಬ್ಬ ಹುಡುಗನ ಮುಂದೆ ಒಂದು ಶಾಫ್ಟನ್ನೂ ವರ್ನಿಯರ್ ಕ್ಯಾಲಿಪರನ್ನೂ ಇಟ್ಟು ವ್ಯಾಸ ಹೇಳೆಂದೆ. ಅವನು ಮೊದಲು ಬಟ್ಟೆಯಿಂದ ಕ್ಯಾಲಿಪರಿನ ದವಡೆಗಳನ್ನು ಒರೆಸಿ, ಅವನ್ನು ಮುಚ್ಚಿ ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಶಾಫ್ಟನ್ನು ಮೂರು ಕಡೆ ಅಳೆದ. ಅವನು ಬಾಯಿ ತೆರೆಯುವ ಮೊದಲೇ ನನ್ನ ಮನಸ್ಸಿನಲ್ಲಿ ಅವನ ಆಯ್ಕೆಯಾಗಿತ್ತು. ಅವಸರದಲ್ಲಿ ಸರಿಯುತ್ತರ ಹೇಳುವವರಿಗಿಂತ ಇಂಥ ಅಭ್ಯಾಸವುಳ್ಳವರನ್ನೇ ನಾವು ಹುಡುಕುತ್ತೇವೆ. ಇಂಗ್ಲಿಷ್ ಬಾರದೆಂದು ಅಳುಕಬೇಡಿ. ಡ್ರಾಯಿಂಗ್ ಓದಲು ಬಂದರೆ ಕನ್ನಡದಲ್ಲೇ ವಿವರಿಸಿ. ಗೊತ್ತಿಲ್ಲದ್ದನ್ನು ‘ಇದನ್ನು ಕಲಿತಿಲ್ಲ ಸರ್’ ಎಂದು ನೇರವಾಗಿ ಹೇಳಿದರೆ ಯಾರೂ ಬೇಸರಿಸುವುದಿಲ್ಲ.

ಸಂಬಳದ ಮಾತು ಬಂದಾಗ ಸಂಕೋಚಪಡದೆ, ಪಿಎಫ್ ಮತ್ತು ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಳೆದು ಕೈಗೆ ಎಷ್ಟು ಬರುತ್ತದೆ, ರಾತ್ರಿ ಪಾಳಿ ಇದೆಯೇ, ಓಟಿಯ (ಹೆಚ್ಚುವರಿ ಹೊತ್ತಿನ ದುಡಿಮೆಯ) ಲೆಕ್ಕ ಹೇಗೆ ಎಂದು ವಿನಯದಿಂದ ಕೇಳಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ಸು ಪಡೆಯಿರಿ, ಜೆರಾಕ್ಸ್ ಪ್ರತಿಗಳನ್ನಷ್ಟೇ ಕೊಟ್ಟು ಬನ್ನಿ. ಕೆಲಸ ಕೊಡಿಸುತ್ತೇನೆಂದು ಯಾರಾದರೂ ಮುಂಗಡ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ವಾರದೊಳಗೆ ಉತ್ತರ ಬಾರದಿದ್ದರೆ, ಪಾಳಿ ಬದಲಾಗುವ ಗಡಿಬಿಡಿಯ ಹೊತ್ತನ್ನು ಬಿಟ್ಟು, ಬೆಳಗ್ಗೆ ಹನ್ನೊಂದರ ಸುಮಾರಿಗೆ ಒಮ್ಮೆ ಫೋನ್ ಮಾಡಿ, ಯಾವ ದಿನ ಯಾವ ಕೆಲಸದ ಸಂದರ್ಶನಕ್ಕೆ ಬಂದಿದ್ದಿರೆಂದು ತಿಳಿಸಿ ವಿಚಾರಿಸಿ.