ಒಂಟಿ ಹಾಲಿ ಗಿಡ ಹಣ್ಣು ಬಿಡುವುದಿಲ್ಲ

ಡಿಸೆಂಬರ್‌ನಲ್ಲಿ ಕಾಫಿ ಕುಯ್ಲಿಗೆ ಬರುವ ಹೆಂಗಸರು ನಮ್ಮ ಅಂಗಳದ ಮೂಲೆಗೆ ಬಂದರೆ ಒಂದು ನಿಮಿಷ ನಿಂತೇ ಹೋಗುತ್ತಾರೆ. "ಅಕ್ಕಾ, ಈ ಮುಳ್ಳು ಗಿಡದಲ್ಲೂ ಕಾಫಿ ಹಣ್ಣು ಬಿಟ್ಟಿದೆಯಲ್ಲ!" ಎಂದಿದ್ದಳು ಒಬ್ಬಳು. ದೂರದಿಂದ ನೋಡಿದರೆ ಹಾಗೇ ಕಾಣುತ್ತದೆ. ಕಡು ಹಸಿರು ಎಲೆ, ಎಣ್ಣೆ ಸವರಿದ ಹಾಗೆ ಹೊಳಪು, ನಡುವೆ ಬಟಾಣಿ ಗಾತ್ರದ ಕೆಂಪು ಹಣ್ಣು. ಹತ್ತಿರ ಹೋಗಿ ಮುಟ್ಟಿದರೆ ಮಾತ್ರ ಎಲೆಯ ಅಂಚು ಬೆರಳಿಗೆ ಚುಚ್ಚುತ್ತದೆ.

ಅದು ಹಾಲಿ. ಕ್ರಿಸ್‌ಮಸ್ ಕಾರ್ಡುಗಳಲ್ಲಿ ಮುಳ್ಳೆಲೆ, ಕೆಂಪು ಹಣ್ಣು ಇರುತ್ತದಲ್ಲ, ಅದೇ ಗಿಡ. ನಮ್ಮ ತೋಟ ಇರುವುದು ಚಿಕ್ಕಮಗಳೂರಿನಿಂದ ಕೈಮರ ದಾಟಿ ಅತ್ತಿಗುಂಡಿ ಕಡೆ ಹೋಗುವ ಗಿರಿಯ ಮಗ್ಗುಲಲ್ಲಿ. ಇಲ್ಲಿನ ಚಳಿಗೆ ಇದು ಬೆಳೆಯುತ್ತದೆ. ಆದರೆ ಹಣ್ಣು ನೋಡಲು ನಾನು ಒಂಬತ್ತು ವರ್ಷ ಕಾದೆ. ಮೊದಲೇ ಯಾರಾದರೂ ಹೇಳಿದ್ದರೆ ಅದರಲ್ಲಿ ಅರ್ಧ ವರ್ಷಗಳು ಉಳಿಯುತ್ತಿದ್ದವು. ನೆಡಬೇಕು ಅಂತ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು, ತರುವ ಗಿಡ ನಿಜವಾಗಿ ಹಾಲಿಯೇ ಅಂತ ನೋಡಿಕೊಳ್ಳಿ. ನನಗೆ ಒಂದು ನರ್ಸರಿಯಲ್ಲಿ "ಹಾಲಿ" ಅಂತ ಕೊಟ್ಟಿದ್ದು ಸಿಂಗಪುರ ಹಾಲಿ. ಚಂದದ ಕುಳ್ಳ ಗಿಡ, ತಿಳಿ ಗುಲಾಬಿ ಹೂ ಬಿಡುತ್ತದೆ, ಬೇಲಿ ಸಾಲಿಗೂ ಬೋನ್ಸಾಯ್‌ಗೂ ಒಳ್ಳೆಯದು. ಆದರೆ ಅದು ಬೇರೆಯೇ ಕುಟುಂಬದ್ದು. ಪತ್ತೆ ಮಾಡುವುದು ಸುಲಭ. ಒಂದು ಕೊಂಬೆ ಹಿಡಿದು ಎಲೆಗಳು ಹೇಗೆ ಕೂತಿವೆ ನೋಡಿ. ಎರಡೆರಡು ಎಲೆ ಎದುರುಬದುರಾಗಿ ಇದ್ದರೆ ಅದು ಹಾಲಿ ಅಲ್ಲ. ಒಂದು ಎಲೆ ಈ ಕಡೆ, ಸ್ವಲ್ಪ ಮೇಲೆ ಇನ್ನೊಂದು ಆ ಕಡೆ, ಹೀಗೆ ಒಂದೊಂದಾಗಿ ಇದ್ದರೆ ಹಾಲಿ ಇರಬಹುದು. ಮುಳ್ಳು ನೋಡಿ ನಂಬಬೇಡಿ. ಮುಳ್ಳೆಲೆಯ ಗಿಡಗಳು ಬೇಕಾದಷ್ಟಿವೆ. ಹಾಲಿಯಲ್ಲೂ ಎಲ್ಲ ಎಲೆಗೆ ಮುಳ್ಳಿರುವುದಿಲ್ಲ. ಮರ ದೊಡ್ಡದಾದರೆ ಮೇಲಿನ ಎಲೆಗಳ ಅಂಚು ಎಷ್ಟೋ ಸಲ ನುಣ್ಣಗಿರುತ್ತದೆ.

ಯಾವ ಜಾತಿ ನೆಡಬೇಕು ಅನ್ನುವುದು ನಿಮ್ಮ ಊರಿನ ಮೇಲೆ ಹೋಗುತ್ತದೆ. ನನ್ನ ಹತ್ತಿರ ಇರುವುದು ಇಂಗ್ಲಿಷ್ ಹಾಲಿ, ಐಲೆಕ್ಸ್ ಅಕ್ವಿಫೋಲಿಯಂ. ಇದಕ್ಕೆ ತಂಪು ಬೇಕೇ ಬೇಕು. ಗಿರಿ ಸಾಲಿನ ಮೇಲ್ಭಾಗದಲ್ಲಿ ಇರುವವರು ಧೈರ್ಯವಾಗಿ ನೆಡಿ. ಹಾಸನ, ಬೇಲೂರು ಕಡೆಯವರಿಗೆ ನಾನು ಹೇಳುವುದು ಚೀನಾ ಹಾಲಿ, ಐಲೆಕ್ಸ್ ಕಾರ್ನ್ಯೂಟಾ. ಅದು ಬಿಸಿಲನ್ನು ಜಾಸ್ತಿ ತಡೆಯುತ್ತದೆ. ಅದರಲ್ಲಿ ಬರ್ಫರ್ಡ್ ಅನ್ನುವ ತಳಿ ಗಂಡು ಗಿಡ ಇಲ್ಲದೆಯೂ ಹಣ್ಣು ಬಿಡುತ್ತದೆ. ಅರಸೀಕೆರೆ, ಕಡೂರಿನ ಬಯಲಿನಲ್ಲಿ ಇಂಗ್ಲಿಷ್ ಹಾಲಿಗೆ ದುಡ್ಡು ಹಾಕಬೇಡಿ, ಏಪ್ರಿಲ್ ಬಿಸಿಲಿಗೆ ಎಲೆ ಸುಟ್ಟುಹೋಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಹಾಲಿಯ ಬಂಧುಗಳು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೇ ಇವೆ. ಐಲೆಕ್ಸ್ ವೈಟಿಯಾನಾ ಶೋಲಾ ಕಾಡಿನ ಮರ. ಐಲೆಕ್ಸ್ ಮಲಬಾರಿಕಾ ಅಂತ ಇನ್ನೊಂದಿದೆ. ಅವುಗಳ ಎಲೆಗೆ ಈ ಥರ ಮುಳ್ಳಿಲ್ಲ. ಕಾಡಿನಿಂದ ಕಿತ್ತು ತರಬೇಡಿ. ನಿಮ್ಮ ತೋಟದಲ್ಲೇ ತಾನಾಗಿ ಬೆಳೆದಿದ್ದರೆ ನೆರಳಿನ ಮರಗಳ ಕೊಂಬೆ ಕಡಿಯುವಾಗ ಅದನ್ನು ಉಳಿಸಿಕೊಳ್ಳಿ.

ಈಗ ಮುಖ್ಯವಾದ ಮಾತು. ಪಪ್ಪಾಯಿ, ಜಾಯಿಕಾಯಿ ಬೆಳೆದವರಿಗೆ ಇದು ಹೊಸದಲ್ಲ. ಹಾಲಿಯಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಹಣ್ಣು ಬಿಡುವುದು ಹೆಣ್ಣು, ಅದೂ ಹತ್ತಿರದಲ್ಲಿ ಗಂಡು ಇದ್ದರೆ. 2010ರಲ್ಲಿ ಕೂನೂರಿನ ನಂಟರ ಮನೆಯಿಂದ ತಂದ ಕಡ್ಡಿಯಿಂದ ಬೆಳೆಸಿದ ಗಿಡ 2015ರಲ್ಲಿ ಹೂ ಬಿಟ್ಟಿತು. ನಾನು ಡಿಸೆಂಬರ್‌ವರೆಗೂ ದಿನಾ ಹೋಗಿ ನೋಡಿದೆ. ಒಂದೇ ಒಂದು ಹಣ್ಣು ನಿಲ್ಲಲಿಲ್ಲ. ಗೊಬ್ಬರ ಸಾಲದು ಅಂದುಕೊಂಡೆ, ನೀರು ಸಾಲದು ಅಂದುಕೊಂಡೆ. ಎರಡೂ ಅಲ್ಲ, ಗಿಡ ಒಂಟಿಯಾಗಿತ್ತು.

ಗಂಡೋ ಹೆಣ್ಣೋ ಅಂತ ತಿಳಿಯಲು ಹೂ ನೋಡಬೇಕು. ಎಲೆ ನೋಡಿ ಹೇಳಲು ಆಗುವುದಿಲ್ಲ. ನಮ್ಮಲ್ಲಿ ಹೂವಿನ ಮಳೆ ಬಿದ್ದು ಕಾಫಿ ಅರಳಿದ ಮೇಲೆ ಹಾಲಿಯ ಹೂ ಬರುತ್ತದೆ. ಎಲೆಯ ಬುಡದಲ್ಲಿ ಗುಂಪಾಗಿ ಸಣ್ಣ ಬಿಳಿ ಹೂ, ಒಂದೊಂದು ಹೂವಿಗೆ ನಾಲ್ಕು ದಳ. ಒಂದು ಹೂ ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ನಡುವೆ ಪುಟ್ಟ ಹಸಿರು ಗುಂಡು ಎದ್ದು ಕಂಡರೆ ಅದು ಹೆಣ್ಣು. ಆ ಗುಂಡೇ ಮುಂದೆ ಹಣ್ಣಾಗುವುದು. ಅದರ ಸುತ್ತ ನಾಲ್ಕು ಕೇಸರ ಇರುತ್ತವೆ, ಆದರೆ ಅವುಗಳಲ್ಲಿ ಪರಾಗ ಇಲ್ಲ. ಗಂಡು ಹೂವಿನಲ್ಲಿ ಆ ಹಸಿರು ಗುಂಡು ಇಲ್ಲವೇ ಇಲ್ಲ ಅನ್ನಬಹುದು. ನಾಲ್ಕು ಕೇಸರ ಹೊರಗೆ ಚಾಚಿರುತ್ತವೆ. ಬೆರಳಿನಿಂದ ಒರೆಸಿದರೆ ಹಳದಿ ಪುಡಿ ಅಂಟುತ್ತದೆ. ನನ್ನದು ಹೆಣ್ಣು ಅಂತ ಗೊತ್ತಾಗಿದ್ದು ಹೀಗೆ, ಪಕ್ಕದ ತೋಟದ ಅಜ್ಜನ ಭೂತಗನ್ನಡಿಯಲ್ಲಿ.

ಮತ್ತೆ ಕೂನೂರಿಗೆ ಹೋಗಿ ಗಂಡು ಗಿಡದ ಕಡ್ಡಿ ತಂದೆ. ಅದು 2019ರಲ್ಲಿ ಹೂ ಬಿಟ್ಟಿತು. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಹೆಣ್ಣು ಗಿಡದಲ್ಲಿ ಮೊದಲ ಸಲ ಕೆಂಪು ಕಂಡೆ. ಎಣಿಸಿದೆ, ಇಪ್ಪತ್ತಮೂರು ಹಣ್ಣು. ಎರಡು ಗಿಡ ತಾಗಿಕೊಂಡೇ ಇರಬೇಕು ಅಂತಿಲ್ಲ, ನೂರು ಅಡಿಯೊಳಗೆ ಇದ್ದರೆ ಸಾಕು. ಮಿಕ್ಕ ಕೆಲಸ ಜೇನು ಮಾಡುತ್ತದೆ. ಹೂ ಬಿಟ್ಟಾಗ ನಮ್ಮ ಪೆಟ್ಟಿಗೆಯ ತುಡುವೆ ಜೇನು ಬೆಳಿಗ್ಗೆಯೇ ಬಂದು ಮುತ್ತುತ್ತದೆ. ಆ ಹದಿನೈದು ಇಪ್ಪತ್ತು ದಿನ ಆ ಕಡೆ ಯಾವ ಔಷಧಿಯನ್ನೂ ಹೊಡೆಯಬೇಡಿ, ಕಾಫಿಗೂ. ನಾಲ್ಕೈದು ಹೆಣ್ಣು ಗಿಡಗಳಿಗೆ ಒಂದು ಗಂಡು ಸಾಕಾಗುತ್ತದೆ.

ಹೆಸರು ಇರುವ ತಳಿ ತರಿಸುವವರು ಹುಷಾರು. ಗೋಲ್ಡನ್ ಕಿಂಗ್ ಅನ್ನುವುದು ಹೆಣ್ಣು, ಸಿಲ್ವರ್ ಕ್ವೀನ್ ಅನ್ನುವುದು ಗಂಡು. ಹೆಸರಿಗೂ ಗಿಡಕ್ಕೂ ಸಂಬಂಧವಿಲ್ಲ. ಜಾಗ ಒಂದೇ ಗಿಡಕ್ಕೆ ಇದ್ದರೆ ಜೆ.ಸಿ. ವ್ಯಾನ್ ಟೋಲ್ ಅನ್ನುವ ತಳಿ ಕೇಳಿ ನೋಡಿ, ಅದು ಗಂಡಿಲ್ಲದಿದ್ದರೂ ಹಣ್ಣು ಕೊಡುತ್ತದೆ.

ಬೀಜದಿಂದ ಬೆಳೆಸಲು ಹೋಗಬೇಡಿ. ಹಣ್ಣು ಮಾಗಿದಾಗಲೂ ಬೀಜದೊಳಗಿನ ಮೊಳಕೆ ಪೂರ್ತಿ ಬೆಳೆದಿರುವುದಿಲ್ಲ. ಹಾಗಾಗಿ ಹುಟ್ಟಲು ಎರಡು ಮೂರು ವರ್ಷ ಹಿಡಿಯುವುದೂ ಉಂಟು. ಹುಟ್ಟಿದ ಮೇಲೂ ಗಂಡೋ ಹೆಣ್ಣೋ ತಿಳಿಯಲು ಇನ್ನೂ ಎಷ್ಟೋ ವರ್ಷ ಕಾಯಬೇಕು. ಕಡ್ಡಿಯಾದರೆ ಆ ಚಿಂತೆ ಇಲ್ಲ. ಹೆಣ್ಣು ಗಿಡದ ಕಡ್ಡಿ ಹೆಣ್ಣೇ ಆಗುತ್ತದೆ.

ಕಡ್ಡಿ ತೆಗೆಯಲು ನಾನು ಉತ್ತರೆ ಮಳೆ ಹೊತ್ತನ್ನು ಆರಿಸಿಕೊಳ್ಳುತ್ತೇನೆ, ಅಂದರೆ ಸೆಪ್ಟೆಂಬರ್ ಎರಡನೇ ಭಾಗ. ಆ ವರ್ಷದ ಚಿಗುರು ಅಷ್ಟೊತ್ತಿಗೆ ಅರ್ಧ ಬಲಿತಿರುತ್ತದೆ. ಬಗ್ಗಿಸಿದರೆ ಬಗ್ಗಬೇಕು, ಆದರೆ ಜೋತು ಬೀಳಬಾರದು, ಅದೇ ಹದ. ಗೇಣಿಗಿಂತ ಸ್ವಲ್ಪ ಚಿಕ್ಕ ತುಂಡು, ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು ತುದಿಯ ಎರಡು ಮೂರು ಎಲೆ ಬಿಡಿ. ಬುಡದ ಒಂದು ಮಗ್ಗುಲಲ್ಲಿ ಚಾಕುವಿನಿಂದ ಒಂದು ಇಂಚು ತೊಗಟೆ ತೆಳ್ಳಗೆ ಕೆರೆಯಿರಿ. ಬೇರು ಬರಿಸುವ ಪುಡಿಗೆ ಅದ್ದಿ, ಅರ್ಧ ಮರಳು ಅರ್ಧ ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಚುಚ್ಚಿ. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ, ಕಾಫಿ ನರ್ಸರಿಯಂಥ ನೆರಳಲ್ಲಿ ಇಡಿ. ಎರಡು ಮೂರು ತಿಂಗಳು ಎಳೆದು ನೋಡಲು ಹೋಗಬೇಡಿ. ಹತ್ತು ಕಡ್ಡಿ ಹಾಕಿದರೆ ನನಗೆ ನಾಲ್ಕೈದು ಹಿಡಿದಿವೆ.

ನೆಡುವಾಗ ನಮ್ಮ ಮಲೆನಾಡಿನಲ್ಲಿ ಗಿಡ ಕೊಲ್ಲುವುದು ಬಿಸಿಲಿಗಿಂತ ಜಾಸ್ತಿ ನೀರು. ಮೊದಲ ಸಲ ಕೂನೂರಿನಿಂದ ತಂದ ಕಡ್ಡಿಗಳಲ್ಲಿ ಎರಡು ಗಿಡ ಆಗಿದ್ದವು. ಒಂದನ್ನು ಅಂಗಳದ ಕೆಂಪು ಮಣ್ಣಿನಲ್ಲಿ ಎರಡು ಅಡಿ ಗುಂಡಿ ತೆಗೆದು, ಕಾಂಪೋಸ್ಟ್ ತುಂಬಿ ನೆಟ್ಟೆ. ಸುತ್ತ ಗಟ್ಟಿ ಮಣ್ಣು, ನಡುವೆ ಸಡಿಲ ಗೊಬ್ಬರ. ಪುಷ್ಯ ಮಳೆ ಹಿಡಿದಾಗ ಆ ಗುಂಡಿ ಬಾವಿಯಾಯಿತು. ಹತ್ತು ದಿನದಲ್ಲಿ ಎಲೆ ಹಳದಿಯಾಗಿ ಉದುರಿತು. ಕಿತ್ತು ನೋಡಿದರೆ ಬೇರು ಕಪ್ಪಾಗಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕೊಳೆತ ಬಾಳೆನಾರಿನ ಹಾಗೆ ಜಾರಿ ಬಂತು, ಒಳಗೆ ದಾರದಂಥ ಬಿಳಿ ಎಳೆ ಮಾತ್ರ ಉಳಿಯಿತು. ಆ ವಾಸನೆ ಇವತ್ತಿಗೂ ನೆನಪಿದೆ. ಎಷ್ಟು ಬೇಜಾರಾಯಿತು ಅಂದರೆ ಉಳಿದ ಗಿಡವನ್ನು ಒಂದು ವರ್ಷ ಕುಂಡದಿಂದ ಇಳಿಸಲೇ ಇಲ್ಲ.

ಆಮೇಲೆ ನೆಟ್ಟಿದ್ದೆಲ್ಲ ದಿಬ್ಬದ ಮೇಲೆ. ಇಳಿಜಾರು ಇರುವ ಕಡೆ ಮಣ್ಣು ಸಡಿಲ ಮಾಡಿ, ಕಾಡುಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಒಂದು ಅಡಿ ಎತ್ತರಕ್ಕೆ ಏರಿಸಿ. ತೊಟ್ಟೆಯಲ್ಲಿ ಮಣ್ಣು ಎಲ್ಲಿವರೆಗೆ ಇತ್ತೋ ಅಲ್ಲಿಗೇ ನಿಲ್ಲಿಸಿ, ಬುಡ ಹೂಳಬೇಡಿ. ನಾನು ಜೂನ್‌ನಲ್ಲಿ ನೆಡುವುದಿಲ್ಲ. ದೊಡ್ಡ ಮಳೆ ಕಳೆದು ಸೆಪ್ಟೆಂಬರ್ ಕೊನೆಗೆ ನೆಟ್ಟರೆ ಹಿಂಗಾರಿನಲ್ಲಿ ಬೇರು ಊರಿಕೊಳ್ಳುತ್ತದೆ. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನದ ಮೇಲೆ ಸಿಲ್ವರ್ ಓಕ್ ನೆರಳು ಇರಲಿ. ನೆಟ್ಟ ಮೇಲೆ ಜಾಗ ಬದಲಿಸಲು ಹೋಗಬೇಡಿ, ಬೇರು ಕದಲಿಸಿದರೆ ಹಾಲಿ ಸಹಿಸುವುದಿಲ್ಲ. ಓಡಾಡುವ ದಾರಿ, ತುಳಸಿ ಕಟ್ಟೆ, ಮಕ್ಕಳು ಆಡುವ ಕಡೆ ಬೇಡವೇ ಬೇಡ. ಉದುರಿ ಒಣಗಿದ ಎಲೆ ಹಸಿ ಎಲೆಗಿಂತ ಜೋರಾಗಿ ಚುಚ್ಚುತ್ತದೆ.

ಕಾಫಿಗೆ ಸುಣ್ಣ ಹಾಕುವ ದಿನ ಆಳುಗಳಿಗೆ ಮೊದಲೇ ಹೇಳಿ, ಹಾಲಿ ಬುಡಕ್ಕೆ ಹಾಕಬಾರದು. ಅದಕ್ಕೆ ಸ್ವಲ್ಪ ಹುಳಿ ಮಣ್ಣೇ ಇಷ್ಟ. ಬುಡಕ್ಕೆ ದರಗು ಮುಚ್ಚಿದರೆ ಸಾಕು, ಕಾಂಡಕ್ಕೆ ತಾಗದ ಹಾಗೆ. ಗೊಬ್ಬರ ವರ್ಷಕ್ಕೆ ಒಂದು ಬುಟ್ಟಿ, ಮಳೆಗೆ ಮುಂಚೆ. ಮೊದಲ ಮೂರು ಬೇಸಿಗೆ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ.

ಬೇಸಿಗೆಯಲ್ಲಿ ಒಳಗಿನ ಕೆಲವು ಎಲೆ ಹಳದಿಯಾಗಿ ಉದುರುತ್ತವೆ. ಗಾಬರಿ ಬೇಡ, ಅವು ಎರಡು ಮೂರು ವರ್ಷದ ಹಳೆ ಎಲೆ. ತುದಿಯ ಹೊಸ ಎಲೆ ಹಳದಿಯಾದರೆ ಮಾತ್ರ ಬುಡದಲ್ಲಿ ನೀರು ನಿಂತಿದೆಯಾ ನೋಡಿ. ಎಲೆ ಮೇಲೆ ಕಪ್ಪು ಮಸಿ ಹಿಡಿದು, ಇರುವೆ ಸಾಲು ಕಂಡರೆ ಎಲೆಯ ಅಡಿ ತಿರುಗಿಸಿ. ಕಾಫಿಗೆ ಬರುವ ಥರದ ಶಲ್ಕ ಕೀಟ ಅಂಟಿಕೊಂಡಿರುತ್ತದೆ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪು ಕಲಸಿ ಸಂಜೆ ಹೊಡೆಯಿರಿ.

ಹಣ್ಣನ್ನು ಮಕ್ಕಳು ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ. ತಿಂದರೆ ವಾಂತಿ ಭೇದಿ ಆಗುತ್ತದೆ, ನಾಯಿಗೂ ಅಷ್ಟೇ. ತಿಂದಿದ್ದು ಗೊತ್ತಾದರೆ ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಕ್ಕಿಗಳಿಗೆ ಏನೂ ಆಗುವುದಿಲ್ಲ. ಕ್ರಿಸ್‌ಮಸ್‌ಗೆ ಕೇಳಿದವರಿಗೆ ಒಂದೆರಡು ರೆಂಬೆ ಕೊಡುತ್ತೇನೆ, ಉಳಿದಿದ್ದೆಲ್ಲ ಪಿಕಳಾರಕ್ಕೆ. ಜನವರಿ ಕೊನೆಗೆ ಅವು ಗಿಡ ಖಾಲಿ ಮಾಡುತ್ತವೆ. ಆಗ ಕತ್ತರಿ ಹಿಡಿಯುವ ಸಮಯ. ಬೇಲಿ ಕತ್ತರಿಸುವ ಹಾಗೆ ಸುತ್ತಲೂ ಸಮ ಮಾಡಬೇಡಿ. ಹೂ ಬರುವುದು ಹಿಂದಿನ ವರ್ಷದ ರೆಂಬೆಯಲ್ಲಿ, ಎಲ್ಲ ತುದಿ ಕತ್ತರಿಸಿದರೆ ಆ ವರ್ಷ ಹಣ್ಣಿಲ್ಲ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಒಳಗೆ ಗಾಳಿ ಆಡಲು ಬಿಡದ್ದು, ಇಷ್ಟನ್ನೇ ಬುಡದಿಂದ ತೆಗೆಯಿರಿ. ಕೈಗೆ ದಪ್ಪ ಗ್ಲೌಸ್ ಹಾಕಿಕೊಳ್ಳಿ, ಕತ್ತರಿಸಿದ್ದನ್ನು ಅವತ್ತೇ ಗುಡಿಸಿ ತೆಗೆಯಿರಿ.