ಜರ್ಬಿಲ್‌ಗೆ ಊಟ ಹಾಕುವುದು ಹೇಗೆ?

ಬಟ್ಟಲು ಖಾಲಿಯಾಯಿತು ಅಂತ ಮತ್ತೆ ಕಾಳು ಸುರಿಯಬೇಡಿ. ಅದೆಲ್ಲ ಹೊಟ್ಟೆಗೇ ಹೋಗಿರುವುದಿಲ್ಲ. ಜರ್ಬಿಲ್ ಮಂಗೋಲಿಯಾ ಮತ್ತು ಉತ್ತರ ಚೀನಾದ ಒಣ ಬಯಲಿನ, ಇಲಿಯಂಥ ಪುಟ್ಟ ಪ್ರಾಣಿ. ಚಳಿಗಾಲಕ್ಕೆಂದು ಬಿಲದಲ್ಲಿ ಬೀಜ ಕೂಡಿಡುವುದು ಅದರ ಚಾಳಿ. ಪಂಜರಕ್ಕೆ ಬಂದರೂ ಅದು ಬಿಡುವುದಿಲ್ಲ.

ಮೊದಲು ಅಳತೆ. ಬೆಳೆದ ಜರ್ಬಿಲ್‌ಗೆ ದಿನಕ್ಕೆ 5ರಿಂದ 8 ಗ್ರಾಂ ಒಣ ಆಹಾರ ಸಾಕು. ಕಣ್ಣಳತೆ ನಂಬಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ.

ಇನ್ನು ಏನು ಹಾಕಬೇಕು? ಜರ್ಬಿಲ್‌ಗೆಂದೇ ಸಿಗುವ ಪೆಲೆಟ್ (ಒತ್ತಿ ಮಾಡಿದ ಆಹಾರದ ಗುಳಿಗೆ) ಮುಖ್ಯ ಊಟವಾಗಿರಲಿ. ಜೊತೆಗೆ ಸ್ವಲ್ಪ ನವಣೆ, ಓಟ್ಸ್. ತೊಂದರೆ ಇರುವುದು ಸೂರ್ಯಕಾಂತಿ ಬೀಜದಲ್ಲಿ. ಅದು ಸಿಕ್ಕರೆ ಜರ್ಬಿಲ್ ಬೇರೇನನ್ನೂ ಮೂಸುವುದಿಲ್ಲ. ಹಿಂಗಾಲ ಮೇಲೆ ಕೂತು, ಮುಂಗೈಯಲ್ಲಿ ಬೀಜವನ್ನು ತಿರುಗಿಸಿ, ಸಿಪ್ಪೆ ಸೀಳಿ, ತಿರುಳು ತಿಂದು, ಇನ್ನೊಂದಕ್ಕೆ ಕೈ ಹಾಕುತ್ತದೆ. ನೋಡಲು ಚೆಂದವೇ. ಆದರೆ ಅದರಲ್ಲಿ ಕೊಬ್ಬು ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ದಿನವೂ ಅದೇ ಆದರೆ ಬೊಜ್ಜು ಬೆಳೆಯುತ್ತದೆ. ಹಾಗಾಗಿ ಊಟಕ್ಕೆ ಬೆರೆಸದೆ, ಅಪರೂಪಕ್ಕೆ ಒಂದೆರಡನ್ನು ಕೈಯಿಂದಲೇ ಕೊಡಿ. ಪಳಗಿಸಲೂ ಅನುಕೂಲ.

ಜರ್ಬಿಲ್‌ನ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಲು ಒಣಹುಲ್ಲು, ಬಣ್ಣ ಬಳಿಯದ ಮರದ ತುಂಡು, ರಟ್ಟು ಇರಲಿ.

ಒಣನಾಡಿನ ಪ್ರಾಣಿಗೆ ನೀರು ಯಾಕೆ ಅನ್ನಬಹುದು. ಬಯಲಿನಲ್ಲಿ ಅದಕ್ಕೆ ಸೊಪ್ಪು, ಹುಳುಗಳಿಂದಲೂ ನೀರಿನಂಶ ಸಿಗುತ್ತದೆ, ಗಟ್ಟಿಯಾದ ಮೂತ್ರ ಮಾಡಿ ಅದು ನೀರು ಉಳಿಸುತ್ತದೆ. ಪಂಜರದಲ್ಲಿ ಬರೀ ಒಣ ಕಾಳು ತಿನ್ನುವಾಗ ನೀರು ಬೇಕೇ ಬೇಕು. ಬಟ್ಟಲಲ್ಲಿಟ್ಟರೆ ಪಂಜರದ ನೆಲಕ್ಕೆ ಹರಡಿದ ಹಾಸನ್ನು ಕೆರೆದು ಅದರೊಳಗೆ ತುಂಬಿಬಿಡುತ್ತದೆ. ನಳಿಕೆಯಿರುವ ಬಾಟಲಿ ತೂಗುಹಾಕಿ, ಹನಿ ಬರುತ್ತಿದೆಯಾ ಅಂತ ದಿನವೂ ಬೆರಳಿಟ್ಟು ನೋಡಿ.

ಕ್ಯಾರೆಟ್, ಸೌತೆಕಾಯಿ ಕೊಡಬಹುದು, ಉಗುರಿನಷ್ಟು ಮಾತ್ರ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಬೇಡವೇ ಬೇಡ. ಉಳಿದ ತರಕಾರಿಯನ್ನು ಅದೇ ದಿನ ತೆಗೆಯಿರಿ. ಇಲ್ಲವಾದರೆ ಅದೂ ಹಾಸಿನಡಿ ಸೇರಿ ಕೊಳೆಯುತ್ತದೆ.

ಕಾಳನ್ನು ಬಟ್ಟಲಿಗೇ ಹಾಕಬೇಕೆಂದಿಲ್ಲ. ಹಾಸಿನ ಮೇಲೆ ಚೆಲ್ಲಿದರೆ ಹುಡುಕಿ ತಿನ್ನುತ್ತದೆ, ಬೇಸರ ಕಳೆಯುತ್ತದೆ. ಪಂಜರ ತೊಳೆಯುವಾಗ ಅದು ಕೂಡಿಟ್ಟ ಕಾಳಿನ ಗಂಟನ್ನು ಪೂರ್ತಿ ಎಸೆಯಬೇಡಿ, ಒಣಗಿರುವುದನ್ನು ಸ್ವಲ್ಪ ವಾಪಸ್ ಇಡಿ. ಹೊಸ ಪೆಲೆಟ್ ತಂದರೆ ಒಂದು ವಾರ ಹಳೆಯದರ ಜೊತೆ ಬೆರೆಸಿ ಹಾಕಿ.

ವಾರಕ್ಕೊಮ್ಮೆ ಜರ್ಬಿಲ್ ತೂಕ ಬರೆದಿಡಿ. ಬಟ್ಟಲು ಹೇಳದ್ದನ್ನು ತೂಕ ಹೇಳುತ್ತದೆ. ತೂಕ ಇಳಿಯುತ್ತಿದ್ದರೆ, ಗಲ್ಲ ಜೊಲ್ಲಿನಿಂದ ಒದ್ದೆಯಾಗಿದ್ದರೆ ಹಲ್ಲು ಉದ್ದ ಬೆಳೆದಿರಬಹುದು. ನಾಳೆಗೆ ಅಂತ ಬಿಡದೆ ಪಶುವೈದ್ಯರಿಗೆ ತೋರಿಸಿ.