ತೊಟ್ಟು ನೋಯುತ್ತಿದ್ದರೆ ಮೊದಲು ಮಗುವಿನ ಬಾಯಿ ನೋಡಿ

ಬಾಣಂತಿಯರ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ: ಹಾಲೂಡಿಸುವಾಗ ನೋವು ಎಂದರೆ ಮುಲಾಮಿಗಿಂತ ಮೊದಲು ಮಗು ಕಚ್ಚಿಕೊಂಡಿರುವ ರೀತಿ ಗಮನಿಸಿ. ಬರೀ ತೊಟ್ಟು ಬಾಯಲ್ಲಿದ್ದರೆ ಅದು ಒಡೆಯುತ್ತದೆ, ಹಾಲೂ ಸರಿಯಾಗಿ ಇಳಿಯುವುದಿಲ್ಲ. ಎಳೆದು ಬಿಡಿಸಬೇಡಿ, ತಾಯಿ ತೊಳೆದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಲ್ಲಿ ತೂರಿಸಿದರೆ ಹಿಡಿತ ಸಡಿಲಾಗುತ್ತದೆ.

ಮಗುವಿನ ಹೊಟ್ಟೆ ತಾಯಿಯ ಮೈಗೆ ತಾಗಿರಲಿ, ಮೂಗು ತೊಟ್ಟಿನ ನೇರಕ್ಕಿರಲಿ. ಬಾಯಿ ಅಗಲವಾಗಿ ತೆರೆದ ಕೂಡಲೇ, ಗದ್ದ ಮೊದಲು ತಾಗುವಂತೆ ಮಗುವನ್ನು ಎದೆಗೆ ತರಬೇಕು. ತಲೆಯ ಹಿಂಭಾಗ ಒತ್ತಿದರೆ ಮಗು ಹಿಂದಕ್ಕೆ ಸೆಟೆಯುತ್ತದೆ. ಕತ್ತು, ಭುಜಕ್ಕೆ ಆಸರೆ ಸಾಕು. ಇದನ್ನೆಲ್ಲ ತಾಯಿಯ ಕೈಯಿಂದಲೇ ಮಾಡಿಸಿ, ಮನೆಯಲ್ಲಿ ನೀವಿರುವುದಿಲ್ಲ.

ಮೊದಲ ದಿನ ಸಲಕ್ಕೆ ಕೆಲವೇ ಮಿಲಿಲೀಟರ್ ಗಿಣ್ಣುಹಾಲು ಬರುವುದು ಸಹಜ. ದಯವಿಟ್ಟು ತಾಯಿಯ ಎದುರು ‘ಹಾಲಿಲ್ಲ’ ಎನ್ನಬೇಡಿ. 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಸಲಿ.